ಹೊಟ್ಟು ಹೀರಿಕೊಂಡದ್ದು

ಆ ನೀರಿಗೆ ಬಣ್ಣವಿರಲಿಲ್ಲ, ವಾಸನೆಯಿರಲಿಲ್ಲ. ಗುಂಡು ತಳದ ಗಾಜಿನ ಕುಪ್ಪಿಯಲ್ಲಿ ತುಂಬಿ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರೆ ಬಳ್ಳಾರಿಯ ಗುಡ್ಡವೂ ಅದರ ಮೇಲಿನ ಕೋಟೆಯೂ ತಲೆಕೆಳಗಾಗಿ ಕಾಣುತ್ತಿದ್ದವು, ಅಷ್ಟೆ. ನಮ್ಮ ಓಣಿಯ ಬಾವಿಯ ನೀರಿಗಿಂತ ಅದೇ ತಿಳಿಯಾಗಿತ್ತು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎಸ್ಸಿ. ಮುಗಿಸಿ, ಓದಿದ ಕಾಲೇಜಿನಲ್ಲೇ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದೆ. ಸತ್ಯನಾರಾಯಣಪೇಟೆಯ ಮನೆಯಿಂದ ನಡೆದುಕೊಂಡೇ ಹೋಗುತ್ತಿದ್ದೆ. ಹುಡುಗರಿಗೆ ಪ್ರಯೋಗ ಹೇಳಿಕೊಡುವುದು, ಕುಪ್ಪಿಗಳ ಲೆಕ್ಕ ನೋಡುವುದು ನನ್ನ ಕೆಲಸ. ಅದರ ಜೊತೆಗೆ ನಮ್ಮ ಪ್ರಾಧ್ಯಾಪಕರು ಸಂಜೆಯ ಹೊತ್ತು ತಮ್ಮ ಸಂಶೋಧನೆಗೆ ಕೈಜೋಡಿಸಲು ಕರೆದಾಗ ನನಗೆ ಹೆಮ್ಮೆಯೇ ಆಗಿತ್ತು. ವಿಭಾಗಕ್ಕೆ ಇದ್ದವಳು ನಾನೊಬ್ಬಳೇ ಹೆಂಗಸು.

ನೀರು ಬರುತ್ತಿದ್ದದ್ದು ಊರ ಅಂಚಿನ ಒಂದು ತಗಡಿನ ಶೆಡ್ಡಿನಿಂದ. ಮದುವೆ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊತ್ತು ನಡೆಯುತ್ತಾರಲ್ಲ, ಆ ಗ್ಯಾಸ್ ಲೈಟಿನೊಳಗೆ ಉರಿಯುವ ಬಲೆಯ ಚೀಲವನ್ನು ಅಲ್ಲಿ ಹೆಂಗಸರು ಕೂತು ಮಾಡುತ್ತಿದ್ದರು. ಅದಕ್ಕೆ ಮ್ಯಾಂಟಲ್ ಎನ್ನುತ್ತಾರೆ. ನೂಲಿನ ಚೀಲವನ್ನು ಥೋರಿಯಂ ಎಂಬ ಲೋಹದ ಉಪ್ಪು ಕರಗಿಸಿದ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಮೊದಲ ಸಲ ಹಚ್ಚಿದಾಗ ನೂಲು ಸುಟ್ಟು ಹೋಗುತ್ತದೆ, ಅದರ ಆಕಾರದಲ್ಲಿ ಥೋರಿಯಂ ಉಳಿದು ಬೆಳಕು ಕೊಡುತ್ತದೆ. ಸತ್ತ ನೂಲಿನ ಎಲುಬುಗೂಡು ಬೆಳಗುತ್ತದೆ ಎಂದು ಪ್ರಾಧ್ಯಾಪಕರು ಪಾಠದಲ್ಲಿ ಹೇಳುತ್ತಿದ್ದರು. ಹುಡುಗರು ನಗುತ್ತಿದ್ದರು. ಅದ್ದಿ ಉಳಿದ ನೀರನ್ನು ಹೆಂಗಸರು ಶೆಡ್ಡಿನ ಹಿಂದಿನ ಗುಂಡಿಗೆ ಚೆಲ್ಲುತ್ತಿದ್ದರು. ಗುಂಡಿಯಿಂದ ಸ್ವಲ್ಪವೇ ದೂರದಲ್ಲಿ ಸುತ್ತಲಿನ ಮನೆಗಳವರು ಸೇದುವ ಬಾವಿಯಿತ್ತು. ಪ್ರಾಧ್ಯಾಪಕರ ತಲೆಯಲ್ಲಿ ಹುಳು ಹೊಕ್ಕಿದ್ದು ಆ ಬಾವಿಯಿಂದಲೇ.

ಥೋರಿಯಂ ವಿಕಿರಣ ಬಿಡುವ ಲೋಹ. ಅದನ್ನು ಕಣ್ಣು ಕಾಣದು, ಮೂಗು ಹಿಡಿಯದು. ಅದನ್ನು ಹಿಡಿಯಬಲ್ಲದ್ದೆಂದರೆ ಭೌತಶಾಸ್ತ್ರ ವಿಭಾಗದಲ್ಲಿದ್ದ ಗೈಗರ್ ಕೌಂಟರ್ ಒಂದೇ. ಒಂದು ಕಬ್ಬಿಣದ ಪೆಟ್ಟಿಗೆ, ಉದ್ದನೆಯ ತಂತಿ, ತಂತಿಯ ತುದಿಗೆ ಬೆರಳು ದಪ್ಪದ ಕೊಳವೆ. ಕರೆಂಟಿಗೆ ಸಿಕ್ಕಿಸಿ ಸುಮ್ಮನೆ ಮೇಜಿನ ಮೇಲಿಟ್ಟರೂ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಅದು ಈ ಊರ ಕಲ್ಲಿನ ಸದ್ದು, ನಮ್ಮ ಗುಡ್ಡಗಳ ಕಲ್ಲಿನಲ್ಲೇ ಅಷ್ಟಿಷ್ಟು ಇರುತ್ತದೆ, ಹೆದರಬೇಕಾಗಿಲ್ಲ ಎಂದು ಪ್ರಾಧ್ಯಾಪಕರು ನನಗೆ ಮೊದಲೇ ಹೇಳಿಟ್ಟಿದ್ದರು. ಗುಂಡಿಯ ನೀರನ್ನು ಪಿಂಗಾಣಿ ಬಟ್ಟಲಿನಲ್ಲಿ ಕಾಯಿಸಿ ಇಂಗಿಸಿ, ತಳದಲ್ಲಿ ಉಳಿದ ಬಿಳಿ ಕಲೆಯ ಹತ್ತಿರ ಕೊಳವೆ ಹಿಡಿದಾಗ ತಗಡಿನ ಮಾಡಿನ ಮೇಲೆ ಬೊಗಸೆ ಬೊಗಸೆ ಹರಳು ಸುರಿದಂಥ ಸದ್ದು ಬಂತು. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದದ್ದು ನೆನಪಿದೆ. ಬಟ್ಟಲು ಮಾತ್ರ ಹಾಗೆಯೇ, ಏನೂ ಆಗದಂತೆ, ತಣ್ಣಗೆ ಕೂತಿತ್ತು.

ಆ ಲೋಹವನ್ನು ನೀರಿನಿಂದ ತೆಗೆಯಲು ಬೆಲೆಬಾಳುವ ಸಾಮಾನು ಬೇಡ, ಸತ್ತ ಗಿಡಮರದ ಮೈಗೇ ಲೋಹವನ್ನು ಎಳೆದು ಹಿಡಿಯುವ ಗುಣವಿದೆ ಎಂಬುದು ಪ್ರಾಧ್ಯಾಪಕರ ನಂಬಿಕೆ. ಕಟ್ಟಿಗೆ ಪುಡಿ ಹಾಕಿ ನೋಡಿದೆವು. ಹುಣಸೆ ಬೀಜದ ಸಿಪ್ಪೆ, ತೆಂಗಿನ ನಾರು, ಶೇಂಗಾ ಸಿಪ್ಪೆ ಹಾಕಿ ನೋಡಿದೆವು. ಸದ್ದು ಕಡಿಮೆಯಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ನಮ್ಮ ವಿಭಾಗಕ್ಕಿದ್ದ ಒಬ್ಬರೇ ಜವಾನರು ಇದನ್ನೆಲ್ಲ ನೋಡಿ ನೋಡಿ ಒಂದು ದಿನ, ಇನ್ನು ಉಳಿದದ್ದು ನನ್ನ ಧೋತರವೊಂದೇ, ಅದನ್ನೂ ಹಾಕುವುದಿದ್ದರೆ ಮೊದಲೇ ಹೇಳಿಬಿಡಬೇಕು, ಒಗೆದು ತರುತ್ತೇನೆ ಎಂದರು. ಪ್ರಾಧ್ಯಾಪಕರು ಬಿದ್ದು ಬಿದ್ದು ನಕ್ಕರು.

ಜವಾನರು ಕುರುಗೋಡಿನವರು. ವಾರವೆಲ್ಲ ಬಳ್ಳಾರಿಯಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗುವರು. ಹಣೆಯ ಮೇಲಿನ ವಿಭೂತಿ ಸಂಜೆಯಾದರೂ ಅಳಿಸಿರುತ್ತಿರಲಿಲ್ಲ. ಅವರ ಅಳಿಯ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಪ್ರಾಧ್ಯಾಪಕರು ಭತ್ತದ ಹೊಟ್ಟು ಬೇಕೆಂದಾಗ ಮೂಟೆ ಸಿರುಗುಪ್ಪದಿಂದ ಬಸ್ಸಿನ ಮೇಲೆ ಬಂತು. ಹಸಿ ಹೊಟ್ಟು ಅಷ್ಟೇನೂ ಕೆಲಸ ಮಾಡಲಿಲ್ಲ. ಸುಟ್ಟು ನೋಡೋಣ ಎಂದರು. ನಮ್ಮ ಸೀಮೆಯಲ್ಲಿ ಹೊಟ್ಟು ಸುಡುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಉರಿ ಏಳದಂತೆ ಒಳಗೊಳಗೇ ಬೇಯಿಸಿ, ಕರ್ರಗಾದ ಮೇಲೆ, ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಆರಿಸುತ್ತಾರೆ. ಅದನ್ನು ಅರೆದು, ಉಪ್ಪು, ಲವಂಗ ಸೇರಿಸಿದರೆ ಹಲ್ಲುಪುಡಿ. ನನ್ನ ಅವ್ವನೂ ಮಾಡುತ್ತಿದ್ದಳು. ಪೇಟೆಯ ಡಬ್ಬಿಯ ಪುಡಿ ಆಗಲೇ ಬಂದಿದ್ದರೂ, ಕರಿಪುಡಿಯಲ್ಲಿ ತಿಕ್ಕಿದ ಹಲ್ಲಿಗೆ ಬರುವ ಹೊಳಪು ಅದರಿಂದ ಬರುವುದಿಲ್ಲ ಎಂಬುದು ಎಲ್ಲರ ಮನೆಯ ಮಾತು.

ಹೀಗೆ ಸುಟ್ಟ ಹೊಟ್ಟನ್ನು ಉದ್ದನೆಯ ಗಾಜಿನ ಕೊಳವೆಯಲ್ಲಿ ತುಂಬಿ, ಮೇಲಿನಿಂದ ಗುಂಡಿಯ ನೀರನ್ನು ಹನಿಹನಿಯಾಗಿ ಬಿಟ್ಟೆವು. ಕೆಳಗೆ ಬಂದ ನೀರನ್ನು ಹಾಗೆಯೇ ಇಂಗಿಸಿ ಕೌಂಟರಿನ ಕೊಳವೆ ಹಿಡಿದರೆ, ಟಿಕ್. ಬಹಳ ಹೊತ್ತು ಏನೂ ಇಲ್ಲ. ಮತ್ತೆ, ಟಿಕ್. ಬರೀ ಕಲ್ಲಿನ ಸದ್ದು. ಬಕೆಟ್ಟುಗಟ್ಟಲೆ ಗುಂಡಿಯ ನೀರು ತರಿಸಿ ಹಾಯಿಸಿದೆವು. ಪ್ರತಿ ಸಲವೂ ಹಾಗೆಯೇ. ಪ್ರಾಧ್ಯಾಪಕರು ಪ್ರಿನ್ಸಿಪಾಲರನ್ನು ಕರೆತಂದರು, ಭೌತಶಾಸ್ತ್ರದವರನ್ನು ಕರೆತಂದರು, ಆಫೀಸಿನ ಗುಮಾಸ್ತರನ್ನೂ ಬಿಡಲಿಲ್ಲ. ಎಲ್ಲರ ಮುಂದೆಯೂ ಜವಾನರ ಬೆನ್ನು ತಟ್ಟಿ ಒಂದೇ ಮಾತು ಹೇಳುತ್ತಿದ್ದರು.

"ವಿಷಾ ಎಲ್ಲಾ ಹೊಟ್ಟು ನುಂಗಿ ಬಿಟ್ಟೈತಿ ನೋಡ್ರಿ. ಇನ್ನ ವಿಷ ಅನ್ನೂದು ಇಲ್ಲ."

ಅವರು ಹೇಳಿದ್ದು ನೀರಿನ ಬಗ್ಗೆ. ಎಷ್ಟೋ ರಾತ್ರಿ ನಾನು ಆ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆ. ಕೇಳಿದವರಲ್ಲಿ ಯಾರೊಬ್ಬರೂ, ನುಂಗಿದ ಹೊಟ್ಟಿನ ಗತಿಯೇನು ಎಂದು ಕೇಳಲಿಲ್ಲ. ನಮಗೆ ಗೊತ್ತಿತ್ತು, ಆದ್ದರಿಂದ ಕೇಳಲಿಲ್ಲ. ಜವಾನರಿಗೆ ಅದು ಕೇಳುವ ಪ್ರಶ್ನೆಯೇ ಅಲ್ಲ. ನುಂಗಿದ ಮೇಲೆ ಮುಗಿಯಿತು.

ಲೋಹ ಹಿಡಿದ ಹೊಟ್ಟನ್ನು ಗಾಜಿನ ಕೊಳವೆಯಿಂದ ತೆಗೆದು, ತೊಳೆದು, ಒಣಗಲೆಂದು ಎನಾಮಲ್ ತಟ್ಟೆಗಳಲ್ಲಿ ಹರಡಿ ಹಿಂದಿನ ಕೋಣೆಯಲ್ಲಿಟ್ಟೆವು. ರಜೆ ಮುಗಿಸಿ ಬಂದ ಮೇಲೆ ಅದರಿಂದ ಥೋರಿಯಂ ಬಿಡಿಸಿ ತೂಗುವ ಯೋಚನೆ. ಬಾಗಿಲ ಮೇಲೆ ಪ್ರಾಧ್ಯಾಪಕರೇ ಸೀಮೆಸುಣ್ಣದಿಂದ "ಒಳಗೆ ಬರಬಾರದು, ಮುಟ್ಟಬಾರದು" ಎಂದು ಬರೆದರು. ಅಂಥ ಬರಹ ನಮ್ಮಲ್ಲಿ ಎಲ್ಲ ಬಾಗಿಲುಗಳ ಮೇಲೂ ಇತ್ತು. ಅವು ಹುಡುಗರಿಗಾಗಿ. ಬೀಗದ ಕೈ ಇರುತ್ತಿದ್ದದ್ದು ಜವಾನರ ಸೊಂಟದಲ್ಲಿ. ಮರುದಿನದಿಂದ ದಸರೆಯ ರಜೆ.

ರಜೆ ಕಳೆದು ಬಂದ ಬೆಳಿಗ್ಗೆ ಹಿಂದಿನ ಕೋಣೆಗೆ ಹೋದೆ. ತಟ್ಟೆಗಳು ತೊಳೆದು ಬೋರಲು ಹಾಕಿದ್ದವು. ಎನಾಮಲ್ಲು ಥಳಥಳ ಹೊಳೆಯುತ್ತಿತ್ತು. ಪ್ರಾಧ್ಯಾಪಕರೇ ಎಲ್ಲೋ ತೆಗೆದಿಟ್ಟಿರಬೇಕು ಎಂದುಕೊಂಡೆ. ಆ ಹೊತ್ತಿಗೆ ಜವಾನರು ನಗುತ್ತ ಬಂದು ಹಬ್ಬದ ಕ್ಷೇಮ ಕೇಳಿ, ಚೀಲದಿಂದ ಒಂದು ಸಣ್ಣ ತಗಡಿನ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಮುಚ್ಚಳ ತೆಗೆದೆ. ಲವಂಗದ ವಾಸನೆ ಬಂತು. ಒಳಗೆ ನುಣ್ಣನೆಯ ಕರಿಪುಡಿ.

"ತಟ್ಟ್ಯಾಗ ಸುಮ್ನ ಒಣಗಿತ್ತಲ್ರೀ ಅಕ್ಕಾರ. ಕೆಲಸ ಮುಗದಿತ್ತು. ಗಾಳಿಗೆ ಹಾರಿ ಹೋಗೂದ್ಯಾಕಂತ ಮನಿಗೆ ಒಯ್ದೆ. ನಮ್ಮಾಕಿ ಚಲೋ ಅರದಾಳ. ಇದು ನಿಮಗ, ಇನ್ನೊಂದು ಸರ್‌ಗ ತಂದೀನಿ."

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆ ಒಂದು ಗಳಿಗೆ ನಾನು ಡಬ್ಬಿ ಹಿಡಿದು, ಒಳ್ಳೆಯ ಪುಡಿ ಎಂದು ತಲೆಯಾಡಿಸುತ್ತ ನಿಂತಿದ್ದೆ. ಆಮೇಲೆ ನನ್ನ ಕಣ್ಣು ಅವರ ಹಲ್ಲಿನ ಸಂದಿಯಲ್ಲಿ ಉಳಿದಿದ್ದ ಕಪ್ಪಿನ ಮೇಲೆ ಹೋಯಿತು.

ಪ್ರಾಧ್ಯಾಪಕರು ಬಂದು ಡಬ್ಬಿಯ ಬಾಯಿಗೆ ಕೊಳವೆ ಹಿಡಿದರು. ಹರಳು ಸುರಿಯುವ ಅದೇ ಸದ್ದು. ಜವಾನರಿಗೆ ಆ ಸದ್ದಿನ ಅರ್ಥ ಚೆನ್ನಾಗಿ ಗೊತ್ತಿತ್ತು, ಇಷ್ಟು ದಿನ ನಮ್ಮ ಜೊತೆಯಲ್ಲೇ ನಿಂತು ಕೇಳಿದವರು. ಅವರು ಡಬ್ಬಿಯನ್ನೊಮ್ಮೆ, ಕೊಳವೆಯನ್ನೊಮ್ಮೆ ನೋಡಿದರು. ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಕೌಂಟರನ್ನು ಶಾಲಿನಲ್ಲಿ ಸುತ್ತಿಕೊಂಡು ಮೂವರೂ ಕುರುಗೋಡಿನ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಪ್ರಾಧ್ಯಾಪಕರು ಆ ಗಂಟನ್ನು ತೊಡೆಯ ಮೇಲಿಟ್ಟು ತಬ್ಬಿಕೊಂಡು ಕೂತಿದ್ದರು. ಪಕ್ಕದ ಸೀಟಿನ ಮುದುಕಿಯೊಬ್ಬಳು ಅದನ್ನೇ ನೋಡುತ್ತ ಬಂದವಳು, ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿರಿ, ಉಸಿರು ಕಟ್ಟೀತು ಎಂದಳು. ಪ್ರಾಧ್ಯಾಪಕರು ಸುಮ್ಮನೆ ಬಟ್ಟೆಯ ಅಂಚನ್ನು ಸ್ವಲ್ಪ ಸರಿಸಿದರು. ಯಾಕೆ ಹಾಗೆ ಮಾಡಿದರೋ. ಮುದುಕಿ ಇಣುಕಿ ನೋಡಿ, ಮುಂದಿನ ಊರು ಬರುವ ತನಕ ಮತ್ತೆ ನಮ್ಮತ್ತ ತಿರುಗಲಿಲ್ಲ.

ಕುರುಗೋಡಿನಲ್ಲಿ ಜವಾನರ ಮನೆ ಗುಡ್ಡದ ಬುಡದಲ್ಲಿತ್ತು. ಹಿತ್ತಲಿಗೆ ಬೇಲಿ ಬೇಕಿರಲಿಲ್ಲ, ಆನೆಯಂಥ ಬಂಡೆಗಳೇ ಸಾಲಾಗಿ ನಿಂತಿದ್ದವು. ಅವರ ಹೆಂಡತಿ ನೀರು ಬೆಲ್ಲ ತಂದಿಟ್ಟರು. ನಾವು ಮುಟ್ಟಲಿಲ್ಲ. ನಾನೇ ವಿಷಯ ಹೇಳಿದೆ. ಆ ತಾಯಿ ಕೇಳಿದರು, ಸಿಟ್ಟಾಗಲಿಲ್ಲ, ಹೆದರಲಿಲ್ಲ. ನಮಗೆ ತಿಳಿಯದ ಒಂದು ಸಣ್ಣ ಸಂಗತಿಯನ್ನು ತಿಳಿಸಿ ಹೇಳುವವರಂತೆ ಮಾತಾಡಿದರು.

"ಬೆಂಕ್ಯಾಗ ಸುಟ್ಟದ್ದು, ಮ್ಯಾಲೆ ನೀರಾಗ ತೊಳದದ್ದು. ಇದಕ್ಕ ಎಂಥಾ ದೋಷ ಇರತೈತ್ರಿ?"

ಅವರ ಮನೆಯಲ್ಲಿ, ನಮ್ಮ ಮನೆಯಲ್ಲೂ, ಬೆಂಕಿಯನ್ನು ದಾಟಿ ಬಂದ ವಸ್ತುವಿಗೆ ಮೈಲಿಗೆಯಿಲ್ಲ. ಸುಟ್ಟ ಮೇಲೆ ಉಳಿದದ್ದನ್ನೇ ನಾವು ಹಣೆಗೆ ಧರಿಸುವುದು. ಯಾರ ಎಂಜಲಾಗಲಿ, ಯಾವ ಹೊಲಸಾಗಲಿ, ಬೂದಿ ಹಚ್ಚಿ ತಿಕ್ಕಿ ನೀರು ಹಾಕಿದರೆ ಪಾತ್ರೆ ಶುದ್ಧ. ಬೆಂಕಿಗೂ ಬಗ್ಗದ, ನೀರಿಗೂ ಬಿಡದ ಒಂದು ಮೈಲಿಗೆ ಇದೆಯೆಂದು ಆ ತಾಯಿಗೆ ನಾವು ಯಾವ ಮಾತಿನಲ್ಲಿ ಹೇಳಬೇಕಿತ್ತು? ಪ್ರಾಧ್ಯಾಪಕರ ಹಣೆಯ ಮೇಲೂ ಬೆಳಗಿನ ವಿಭೂತಿ ಇತ್ತು. ಅವರು ಬಂಡೆಗಳ ಕಡೆ ನೋಡುತ್ತ ಕೂತರು.

ಉಳಿದ ಪುಡಿ ಕೊಡಿ ಎಂದು ಕೇಳಿದೆವು. ಒಳಗಿನಿಂದ ಒಂದು ಮಡಕೆ ತಂದರು. ಅರ್ಧಕ್ಕಿಂತ ಕೆಳಗಿತ್ತು. ಮಿಕ್ಕದ್ದೆಲ್ಲಿ ಎಂದೆ. ಹಬ್ಬಕ್ಕೆ ಮಗಳು ಬಂದಿದ್ದಳು, ಹಬ್ಬದ ಮರುದಿನವೇ ಸಿರುಗುಪ್ಪಕ್ಕೆ ಹೋದಳು, ಅವಳ ಗಂಟಿನಲ್ಲಿ ಕಟ್ಟಿ ಕೊಟ್ಟೆ ಎಂದರು. ಆಮೇಲೆ ನಾನು ಕೇಳದೇ ಇದ್ದದ್ದನ್ನು ತಾವಾಗಿಯೇ ಹೇಳಿದರು.

"ಕೂಸಿಗೆ ಹಲ್ಲು ಬರಾಕತ್ಯಾವ್ರಿ. ಒಸಡು ಕಡೀತಾವಂತ ಕಂಡದ್ದು ಕಚ್ತೈತಿ. ದಿನಾ ಬೆರಳಿಗೆ ಹಚ್ಚಿ ಒಸಡು ತಿಕ್ಕವ್ವಾ ಅಂತ ನಾನ ಹೇಳಿ ಕಳಿಸೀನಿ."

ಜವಾನರು ಎದ್ದು ಹೊರಗೆ ಹೋದರು. ಬಸ್ ನಿಲ್ದಾಣದ ತನಕ ಅವರು ನಮಗಿಂತ ಬಹಳ ಮುಂದೆ ನಡೆದರು. ಅವರ ಬೆನ್ನು ಹಿಡಿದು ನಾವು ನಡೆದೆವು.

ಸಿರುಗುಪ್ಪ ಸಮೀಪಿಸಿದಂತೆ ಎರಡೂ ಕಡೆ ಕಾಲುವೆ ನೀರಿನ ಗದ್ದೆಗಳು. ಬಳ್ಳಾರಿಯ ಕಲ್ಲು ಮಣ್ಣು ನೋಡಿದ ಕಣ್ಣಿಗೆ ಆ ಹಸಿರು ಯಾವಾಗಲೂ ಹಬ್ಬ. ಆ ದಿನ ಮಾತ್ರ ಗದ್ದೆಯ ನೀರಿನಲ್ಲಿ ಆಕಾಶ ಕಂಡರೂ ನನಗೆ ಪಿಂಗಾಣಿ ಬಟ್ಟಲು ನೆನಪಾಗುತ್ತಿತ್ತು. ಗಿರಣಿಯ ಹಿಂದೆ ಹೊಟ್ಟಿನ ದೊಡ್ಡ ದೊಡ್ಡ ಗುಡ್ಡೆಗಳು. ಅಲ್ಲಿಯ ಆಳುಗಳು ತೆಲುಗಿನಲ್ಲಿ ಅದನ್ನು ಊಕ ಎನ್ನುತ್ತಾರೆ. ಒಂದು ಗುಡ್ಡೆ ಒಳಗೊಳಗೇ ಬೇಯುತ್ತಿತ್ತು. ಬೆಂಕಿ ಕಾಣದು. ನೆತ್ತಿಯಿಂದ ಹೊಗೆ ಮಾತ್ರ ನೆಟ್ಟಗೆ ಏಳುತ್ತಿತ್ತು. ಅದರಾಚೆಗೆ ಆಳುಗಳ ಮನೆಗಳ ಸಾಲು. ಮಧ್ಯಾಹ್ನದ ಊಟಕ್ಕೆ ಗಿರಣಿ ನಿಲ್ಲಿಸಿದ್ದರು. ಇಡೀ ದಿನ ಗಡಗಡ ಎನ್ನುವ ಜಾಗ ಸುಮ್ಮನಾದಾಗ ಕಿವಿಯೊಳಗೆ ಒಂದು ಬಗೆಯ ಖಾಲಿ ತುಂಬುತ್ತದೆ. ಆ ಖಾಲಿಯಲ್ಲಿ ನಾವು ಅಂಗಳಕ್ಕೆ ಕಾಲಿಟ್ಟೆವು.

ಜವಾನರ ಮಗಳು ಸೊಂಟದ ಮೇಲೆ ಕೂಸನ್ನು ಇಟ್ಟುಕೊಂಡು ಹೊರಗೆ ಬಂದಳು. ನನ್ನಷ್ಟೇ ವಯಸ್ಸಿನವಳು. ಅಪ್ಪನನ್ನು ಕಂಡ ಖುಷಿಯಲ್ಲಿ ಇವತ್ತೇನು ಸೂರ್ಯ ಪಡುವಣಕ್ಕೆ ಹುಟ್ಟಿದನೇ ಎಂದು ಹಂಗಿಸಿದಳು. ಹೆಣ್ಣು ಕೂಸು, ತಾತನ ಗುರುತು ಹಿಡಿದು ಕೇಕೆ ಹಾಕಿ ನಕ್ಕಿತು. ಅದರ ಬಾಯಿ ಒಳಗೆಲ್ಲ ಕಪ್ಪು. ಒಸಡು, ನಾಲಿಗೆ, ತುಟಿಯ ಒಳ ಅಂಚು. ಕೆನ್ನೆ, ಕಣ್ಣು, ಬೆಳ್ಳಿಯ ಉಡಿದಾರ ಎಲ್ಲ ಕೂಸಿನವೇ. ಬಾಯಿ ಮಾತ್ರ ಯಾವುದೋ ಹಳೆಯ ಬಾವಿಯದು ಅನ್ನಿಸಿತು. ನಾನು ಇದನ್ನು ಬರೆಯುವಾಗಲೂ ಆ ನಗು ಹಾಗೆಯೇ ಇದೆ, ಮುಚ್ಚಿಕೊಳ್ಳುವುದಿಲ್ಲ.

ನಾನು ಅವಳನ್ನು ಪಕ್ಕಕ್ಕೆ ಕರೆದು ಪುಡಿಯ ವಿಷಯ ಹೇಳಿದೆ. ಪ್ರಾಧ್ಯಾಪಕರು ಮನೆಯ ಬಲ್ಬು ಕಳಚಿ, ಹೋಲ್ಡರಿನಿಂದ ತಂತಿ ಎಳೆದು ಕೌಂಟರ್ ಹಚ್ಚಿದರು. ಮೊದಲು ಬಚ್ಚಲಿನ ಗೋಡೆಯ ಹತ್ತಿರ ಹೋದರು. ಸುಣ್ಣದ ಗೋಡೆಯ ಮೇಲೆ ಕಪ್ಪು ಗೀರುಗಳಿದ್ದವು. ಹಲ್ಲು ತಿಕ್ಕಿದ ಮೇಲೆ ಬೆರಳು ಒರೆಸುವುದು ನಮ್ಮಲ್ಲಿ ಎಲ್ಲರಿಗೂ ಅಭ್ಯಾಸ, ಪ್ರತಿ ಮನೆಯ ಬಚ್ಚಲ ಗೋಡೆಯಲ್ಲೂ ಅಂಥ ಗೀರುಗಳಿರುತ್ತವೆ. ಕೊಳವೆ ಬರೀ ಸುಣ್ಣದ ಮೇಲಿದ್ದಾಗ ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಗೀರಿನ ಹತ್ತಿರ ಬಂದ ಕೂಡಲೇ ಒಂದರ ಮೇಲೊಂದು ಬಿದ್ದು ಓಡುತ್ತಿತ್ತು. ದಾಟಿದರೆ ಮತ್ತೆ ಸುಮ್ಮನೆ. ಕೂಸಿನ ತಾಯಿಯ ಒಂದೊಂದು ಬೆಳಗೂ ಗೋಡೆಯ ಮೇಲೆ ಕೂತು ತನ್ನಷ್ಟಕ್ಕೆ ಮಾತಾಡುತ್ತಿರುವಂತಿತ್ತು.

ಆಮೇಲೆ ಕೂಸು. ಪ್ರಾಧ್ಯಾಪಕರು ಕೊಳವೆಯನ್ನು ಬಾಯಿಯ ಹತ್ತಿರ ತಂದರು. ಕೂಸು ಎರಡೂ ಕೈ ಚಾಚಿ ಅದನ್ನು ಹಿಡಿದು ಕಚ್ಚಲು ಎಳೆಯಿತು. ಒಸಡು ಕಡಿಯುತ್ತಿತ್ತು, ಪಾಪ, ಅದಕ್ಕೆ ಕಚ್ಚಲು ಏನಾದರೂ ಬೇಕಿತ್ತು. ಪೆಟ್ಟಿಗೆ ಒರಲತೊಡಗಿತು. ಆ ಸದ್ದು ಕೇಳಿ ಕೂಸಿಗೆ ಇನ್ನಷ್ಟು ನಗು. ನಾನು ಕೊಳವೆಯನ್ನು ಬಿಡಿಸಿಕೊಂಡೆ. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿದೆ. ಬಟ್ಟೆಯ ಹತ್ತಿರ ಕೊಳವೆ ಹಿಡಿದರು, ಸದ್ದು. ಮತ್ತೆ ಹೊಸ ಬಟ್ಟೆ, ಮತ್ತೆ ಸದ್ದು, ಕಡಿಮೆ. ಕೂಸು ಅತ್ತಿತು. ತಾಯಿ ಅದರ ತಲೆ ಗಟ್ಟಿಯಾಗಿ ಹಿಡಿದುಕೊಂಡಳು. ಕೊನೆಗೆ ಬಟ್ಟೆ ಸುಮ್ಮನಾಯಿತು. ಹೊಟ್ಟೆಯ ಮೇಲೆ, ಬೆನ್ನಿನ ಮೇಲೆ ಕೊಳವೆ ಇಟ್ಟರು. ಕಲ್ಲಿನ ಸದ್ದಷ್ಟೇ.

ನಾನು ಉಸಿರು ಬಿಟ್ಟೆ. ಪ್ರಾಧ್ಯಾಪಕರು ಬಿಡಲಿಲ್ಲ. ನುಂಗಿದ್ದರಲ್ಲಿ ಹೆಚ್ಚಿನದು ಹೊರಗೆ ಹೋಗಿರುತ್ತದೆ, ಆದರೆ ಚೂರು ಒಳಗೆ ನಿಂತರೆ ಅದು ಎಲುಬಿಗೆ ಸೇರುತ್ತದೆ, ಅಷ್ಟು ಚೂರಿನ ಸದ್ದನ್ನು ಮಾಂಸ, ಚರ್ಮ ದಾಟಿ ಈ ಯಂತ್ರ ಕೇಳಲಾರದು ಎಂದು ನನಗೆ ಮೆಲ್ಲಗೆ ಹೇಳಿದರು. ತಾಯಿಗೆ ಅದು ಕೇಳಿಸಿತು.

"ನನ್ನ ಕೂಸಿಗೆ ಏನರ ಆಗತೈತೇನ್ರಿ?"

"ಗೊತ್ತಿಲ್ಲವ್ವಾ," ಎಂದರು ಪ್ರಾಧ್ಯಾಪಕರು. ಅವರ ಬಾಯಿಂದ ಆ ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಅಷ್ಟರಲ್ಲಿ ಅವಳ ಅತ್ತೆ ಒಳಗಿನಿಂದ ಬಂದು, ಏಮಿ ಏಮೈಂದಿ ಎಂದು ತೆಲುಗಿನಲ್ಲಿ ಶುರುಮಾಡಿ, ಏನಾಯಿತು, ಇದೇನು ಪೆಟ್ಟಿಗೆ, ಕೂಸು ಯಾಕೆ ಅಳುತ್ತದೆ ಎಂದು ಕನ್ನಡದಲ್ಲಿ ಮುಗಿಸಿದಳು. ಸೊಸೆ ತಡವರಿಸಲಿಲ್ಲ. ಇವರು ಬಳ್ಳಾರಿಯ ಡಾಕ್ಟರು, ಅಪ್ಪನಿಗೆ ಪರಿಚಯ, ಕೂಸಿನ ಹಲ್ಲು ನೋಡಲು ಬಂದಿದ್ದಾರೆ ಎಂದಳು. ಅತ್ತೆ ನಮಗೆ ಕೈಮುಗಿದು ಮಜ್ಜಿಗೆ ತರಲು ಒಳಗೆ ಹೋದಳು. ಆಗ ಕೂಸಿನ ತಾಯಿ ನನ್ನ ಮುಂಗೈ ಹಿಡಿದಳು.

"ಹೆಣ್ಣು ಕೂಸು ಐತ್ರಿ ಅಕ್ಕಾರ. ಮೈಯಾಗ ವಿಷ ಐತಿ ಅಂತ ಊರಾಗ ಒಂದ್ ಸಲ ಮಾತು ಬಿತ್ತಂದ್ರ, ಬದುಕಿದ್ರೂ ಸತ್ತಂಗ. ಯಾರಿಗೂ ಹೇಳಬ್ಯಾಡ್ರಿ."

ನಾವು ಹೇಳಲಿಲ್ಲ. ಗೋಡೆಯ ಗೀರುಗಳನ್ನು ಕೆರೆದು ಆ ಸುಣ್ಣದ ಪುಡಿಯನ್ನೂ ಕಟ್ಟಿಕೊಂಡು ಬಂದೆವು. ಎಲ್ಲ ಡಬ್ಬಿ ಮಡಕೆಗಳನ್ನು ತಗಡಿನ ಡ್ರಮ್ಮಿಗೆ ಹಾಕಿ, ಸಿಮೆಂಟು ತುಂಬಿ ಸಂಬಂಧಪಟ್ಟವರಿಗೆ ಒಪ್ಪಿಸುವ ತನಕ ಪ್ರಾಧ್ಯಾಪಕರು ಮನೆಗೆ ಸರಿಯಾಗಿ ಹೋಗಲಿಲ್ಲ. ಮ್ಯಾಂಟಲ್ ಶೆಡ್ಡಿನ ಮಾಲೀಕನ ಮನೆಗೂ ಹೋಗಿ ಜಗಳಾಡಿದರು. ಅವನು ಗುಂಡಿ ಮುಚ್ಚಿಸಿದ. ಬಾವಿಗೂ ಕಲ್ಲು ಚಪ್ಪಡಿ ಬಿತ್ತು. ನಮ್ಮ ಸಂಶೋಧನೆಯ ಮಾತನ್ನು ವಿಭಾಗದಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ವರ್ಗವಾಗಿ ಹೋಗುವ ಮುಂಚೆ ಪ್ರಾಧ್ಯಾಪಕರು ನನ್ನನ್ನು ಕರೆದು ಒಂದೇ ಒಂದು ಕೆಲಸ ಒಪ್ಪಿಸಿದರು. ಆ ಹೊತ್ತಿನಲ್ಲಿ ಒಸಡಿನೊಳಗೆ ಬೆಳೆಯುತ್ತಿದ್ದ ಹಲ್ಲುಗಳು ಮುಂದೆ ಬಿದ್ದೇ ಬೀಳುತ್ತವೆ. ಮೊದಲು ಬಿದ್ದ ಹಾಲುಹಲ್ಲು ಸಿಕ್ಕರೆ ಅದನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬಹುದು, ಆ ಲೋಹ ಎಲುಬಿಗೆ ಸೇರಿದೆಯೋ ಇಲ್ಲವೋ ಅದರಿಂದ ತಿಳಿಯುತ್ತದೆ. ಬದುಕಿರುವ ಮೈಯಿಂದ ನೋವಿಲ್ಲದೆ ಸಿಗುವ ಎಲುಬು ಅದೊಂದೇ.

ನಾನು ಕಾದೆ. ಜವಾನರು ಪ್ರತಿ ಸೋಮವಾರ ಊರಿಂದ ಬಂದಾಗ ಮೊಮ್ಮಗಳು ಹೇಗಿದ್ದಾಳೆ ಎಂದು ಕೇಳುತ್ತಿದ್ದೆ. ಚೆನ್ನಾಗಿದ್ದಾಳೆ ಎನ್ನುತ್ತಿದ್ದರು. ನಡೆಯುತ್ತಾಳೆ, ಓಡುತ್ತಾಳೆ, ಶಾಲೆಗೆ ಹಾಕಿದರು. ಬೇರೆ ಯಾರಾದರೂ ಕೇಳಿದರೆ ಅವರು ಮೊಮ್ಮಗಳ ತುಂಟತನವನ್ನೆಲ್ಲ ಹೇಳಿ ನಗುತ್ತಿದ್ದರು. ನಾನು ಕೇಳಿದರೆ ಒಂದೇ ಮಾತು. ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇರುವುದು ಇಬ್ಬರಿಗೂ ಗೊತ್ತಿತ್ತು. ಅವರ ಬಾಯಿಗಾಗಲಿ ಅವರ ಹೆಂಡತಿಯ ಬಾಯಿಗಾಗಲಿ ಹೋದದ್ದನ್ನು ಕುರಿತು ಅವರು ಒಮ್ಮೆಯೂ ಕೇಳಲಿಲ್ಲ.

ಹುಡುಗಿಯ ಮುಂದಿನ ಹಲ್ಲು ಅಲುಗಾಡುತ್ತಿದೆ ಎಂದು ತಿಳಿದ ವಾರವೇ ನಾನು ಸಿರುಗುಪ್ಪಕ್ಕೆ ಹೋದೆ, ಚೀಲದಲ್ಲಿ ಬೆಂಡಿನ ಬಿರಡೆ ಹಾಕಿದ ಒಂದು ಸಣ್ಣ ಗಾಜಿನ ಕುಪ್ಪಿ ಇಟ್ಟುಕೊಂಡು. ತಾಯಿ ಚಹಾ ಕೊಟ್ಟಳು. ಹುಡುಗಿ ಬಾಗಿಲ ಮರೆಯಿಂದ ನಗುತ್ತ ನೋಡುತ್ತಿದ್ದಳು. ಬಾಯಲ್ಲಿ ಆಗಲೇ ಕಿಂಡಿಯಿತ್ತು. ಹಲ್ಲು ಎಲ್ಲಿ ಎಂದೆ. ನಮ್ಮಲ್ಲಿ ಮಕ್ಕಳ ಹಲ್ಲು ಬಿದ್ದರೆ ಸಗಣಿಯ ಉಂಡೆಯೊಳಗೆ ಇಟ್ಟು ಮಾಡಿನ ಮೇಲೆ ಎಸೆಯುತ್ತಾರೆ, ಹೊಸ ಹಲ್ಲು ಬೇಗ ಬರಲೆಂದು. ತಾಯಿ ತಲೆಯೆತ್ತಿ ಗಿರಣಿಯ ತಗಡಿನ ಮಾಡನ್ನು ತೋರಿಸಿದಳು. ಅಷ್ಟು ಎತ್ತರಕ್ಕೆ ಏಣಿಯಿರಲಿಲ್ಲ. ಮಾಡಿನ ಮೇಲೆ ವರ್ಷಗಳ ಹೊಟ್ಟಿನ ದೂಳು ಕೂತಿತ್ತು. ಎತ್ತಿಡಿ ಎಂದು ಹೇಳಿ ಕಳಿಸಿದ್ದೆನಲ್ಲ ಎಂದೆ. ಅವಳಿಗೆ ಮರೆತಿರಲಿಲ್ಲ.

"ಗೊತ್ತು ಮಾಡ್ಕೊಂಡ್ ಏನ್ ಮಾಡ್ಲಿ ಅಕ್ಕಾರ? ಇಲ್ಲ ಅಂದ್ರ ಸರಿ. ಐತಿ ಅಂದ್ರ ನಾ ದಿನಾ ಅಕಿ ಮಾರಿ ಹೆಂಗ್ ನೋಡ್ಲಿ?"

ಮುಂದೆ ಬಿದ್ದ ಹಲ್ಲುಗಳೂ ಅದೇ ಮಾಡಿನ ಮೇಲೆ ಹೋದವು. ನಾನು ಮತ್ತೆ ಕೇಳಲಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಅವರ ಮನೆಗೆ ಹೋಗಿ ಹುಡುಗಿಯನ್ನು ನೋಡಿ ಬರುತ್ತಿದ್ದೆ. ಅವಳು ಎತ್ತರವಾದಳು, ಕಾಲು ಮುರಿದುಕೊಳ್ಳಲಿಲ್ಲ, ಜ್ವರ ಬಂದರೆ ಎಲ್ಲರಂತೆ ವಾಸಿಯಾಯಿತು. ಸೊಂಟ ನೋವೆಂದು ಒಮ್ಮೆ ಕೈ ಇಟ್ಟುಕೊಂಡದ್ದನ್ನು ಕಂಡು ನಾನು ಆ ದಿನದ ಬಸ್ಸನ್ನೇ ಬಿಟ್ಟು ಕೂತೆ. ಕೊಡ ಹೊತ್ತು ಉಳುಕಿತ್ತು, ಅಷ್ಟೆ.

ಎಂಬತ್ತರ ದಶಕದ ನಡುವೆ ಅವಳ ಮದುವೆ. ಗಿರಣಿಯ ಅಂಗಳದಲ್ಲೇ ಹಂದರ ಹಾಕಿದ್ದರು. ಜವಾನರು ನಿವೃತ್ತರಾಗಿ ಬಗ್ಗಿ ಹೋಗಿದ್ದರು. ಅವರ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು, ವಯಸ್ಸಾಗಿತ್ತು, ಕಾರಣ ಯಾರೂ ಕೇಳಲಿಲ್ಲ. ಊಟ ಮುಗಿದು, ಮದುಮಗಳನ್ನು ಕಳಿಸುವ ಹೊತ್ತಿಗೆ ಹೊರಗೆ ಹೆಂಗಸರಲ್ಲಿ ಚರ್ಚೆ ನಡೆದಿತ್ತು. ತವರಿನಿಂದ ಒಬ್ಬ ಹೆಂಗಸು ಮದುಮಗಳ ಜೊತೆಗೆ ಹೋಗಿ ಗಂಡನ ಮನೆಯಲ್ಲಿ ಕೆಲವು ದಿನ ಇದ್ದು ಬರಬೇಕು. ಅಜ್ಜಿ ಇದ್ದಿದ್ದರೆ ಅವರೇ ಹೋಗುತ್ತಿದ್ದರು. ಈಗ ಯಾರು ಎಂದು ಚಿಕ್ಕಮ್ಮಂದಿರು, ಸೋದರತ್ತೆಯರು ಒಬ್ಬರ ಮೇಲೊಬ್ಬರು ಹಾಕುತ್ತಿದ್ದರು. ಮದುಮಗಳು ಕೋಣೆಯೊಳಗಿನಿಂದ ನನ್ನನ್ನು ಕರೆದಳು. ಒಳಗೆ ಬೇರೆ ಯಾರೂ ಇರಲಿಲ್ಲ. ಬಾಗಿಲು ಮುಂದೆ ಮಾಡಿದಳು.

"ನೀವು ನನ್ನ ನೋಡಾಕ ಯಾಕ ಬರ್ತಿದ್ರಿ ಅಂತ ನನಗ ಗೊತ್ತೈತ್ರಿ ಅಕ್ಕಾರ. ಅಜ್ಜಿ ಸಾಯೂ ಮುಂದ ಹೇಳಿದ್ಲು. ನಮ್ಮವ್ವಗ ಗೊತ್ತಿಲ್ಲ, ನನಗ ಗೊತ್ತೈತಿ ಅನ್ನೂದು."

ನಾನು ಹಾಸಿಗೆಯ ಅಂಚಿನಲ್ಲಿ ಕೂತೆ. ಅವಳು ಕನ್ನಡಿ ನೋಡುತ್ತ ಕಿವಿಯ ಓಲೆ ಸರಿಮಾಡಿಕೊಂಡಳು.

"ಅದು ಇನ್ನೂ ಐತೇನ್ರಿ ಒಳಗ?"

"ಒಳಗ ನಿಂತಿದ್ರ, ಐತಿ. ಎಲುಬಿನಾಗ."

"ಕರಗೂದಿಲ್ಲ?"

"ಇಲ್ಲವ್ವಾ."

"ನಾ ಹೋದ ಮ್ಯಾಲೆ?"

ಸುಳ್ಳು ಹೇಳಬೇಕೆಂದಿದ್ದೆ. "ಆಮ್ಯಾಲೂ ಇರತೈತಿ," ಎಂದೆ. ಡಾಕ್ಟರ ಹತ್ತಿರ ಹೋದಾಗ, ಬಸಿರಾದಾಗ, ಇದನ್ನು ಮುಚ್ಚಿಡದೆ ಹೇಳಬೇಕು, ಬೇಕಾದರೆ ನಾನೇ ಜೊತೆಗೆ ಬಂದು ಹೇಳುತ್ತೇನೆ ಎಂದೂ ಹೇಳಿದೆ. ಅವಳು ಆಗಲಿ ಎಂದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅವಳು ಅಳಲಿಲ್ಲ. ಹೊರಗಿನ ಹೆಂಗಸರ ಜಗಳವನ್ನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

"ಜೊತಿಗೆ ಯಾರು ಹೋಗಬೇಕಂತ ಯಾಕ ಒದ್ದಾಡ್ತಾರ್ರಿ ಇವ್ರು? ಅದು ಬರ್ತೈತಲ್ಲ ನನ್ನ ಜೊತಿ."

ನಗೆಯಾಡಿದಳೋ, ನಿಜಕ್ಕೂ ಹೇಳಿದಳೋ ನನಗೆ ಇವತ್ತಿಗೂ ತಿಳಿದಿಲ್ಲ. ಹೊರಗೆ ಯಾರೋ ಹೊತ್ತಾಯಿತೆಂದು ಕೂಗಿದರು. ಅವಳು ಸೆರಗು ಹೊದ್ದುಕೊಂಡು ಎದ್ದಳು, ಬಾಗಿಲು ತೆರೆದಳು. ಹೊಸಿಲಿನ ಹತ್ತಿರ ಒಂದು ಗಳಿಗೆ ಗೋಡೆಯ ಪಕ್ಕಕ್ಕೆ ಸರಿದು ನಿಂತಳು, ಹಿಂದಿನಿಂದ ಬರುವ ಹಿರಿಯರಿಗೆ ದಾರಿ ಬಿಡುವವರ ಹಾಗೆ. ನಾನಿನ್ನೂ ಹಾಸಿಗೆಯ ಮೇಲೆಯೇ ಕೂತಿದ್ದೆ, ಅವಳ ಹಿಂದೆ ಯಾರೂ ಇರಲಿಲ್ಲ. ಆಮೇಲೆ ಅವಳು ದಾಟಿದಳು.